ಹದಿನಾಲ್ಕನೇ ಸಾಲು

"ಇನ್ನೊಂದು! ಬಾ ಈಚೆಗೆ!" ಎಂದು ಪೆರಿಯನಾಯಕಿ ಹಳದಿ ಎಲೆಯ ಗಿಡವನ್ನು ಬುಡಸಮೇತ ಕಿತ್ತಳು.

ಬದುವಿನ ಮೇಲೆ ಕಿತ್ತ ಗಿಡಗಳ ರಾಶಿ ಅವಳ ಮೊಣಕಾಲಿನವರೆಗೆ ಬಂದಿತ್ತು. ಶನಿವಾರ, ಸ್ಕೂಲಿಗೆ ರಜೆ. ಇಡ್ಲಿ ತಿಂದು ಮುಗಿಸಿದ್ದೇ ತಡ, ಕೆಲಸಕ್ಕೆ ಇಳಿದಿದ್ದಳು. ಐದನೇ ಕ್ಲಾಸಿನ ಹುಡುಗಿ ಯಾರೂ ಹೇಳದೆ ಕೆಲಸ ಮಾಡುತ್ತಿದ್ದರೆ ಮನೆಯವರು ಒಮ್ಮೆ ಬಂದು ನೋಡುವುದು ಒಳ್ಳೆಯದು. ಆದರೆ ಅಪ್ಪ ಅನ್ನೂರು ಪೇಟೆಗೆ ಹೋಗಿದ್ದರು. ಅಜ್ಜಿ ಮುತ್ತಮ್ಮಾಳ್ ಆಡುಗಳ ಜೊತೆ ಜಗಳದಲ್ಲಿದ್ದರು.

ಅವರ ತೋಟದ ಒಂದು ಮೂಲೆಯಲ್ಲಿ ಆ ವರ್ಷ ಸೋಯಾ ಎಂಬ ಹೊಸ ಕಾಳಿನ ಗಿಡ ಬೆಳೆದಿತ್ತು. ಕೊಯಮತ್ತೂರಿನ ಕೃಷಿ ಕಾಲೇಜಿನಿಂದ ತಿರುಮಲೈಸಾಮಿ ಸಾರ್ ಬೀಜ ತಂದು ಬಿತ್ತಿಸಿದ್ದರು. ಸಾಲಿಗೊಂದು ಜಾತಿ, ಸಾಲಿಗೊಂದು ನಂಬರಿನ ಗೂಟ. ರೋಗಕ್ಕೆ ಬಗ್ಗದೆ, ಬಿಸಿಲಿಗೆ ಬಾಡದೆ, ಮೈತುಂಬ ಕಾಯಿ ಬಿಡುವ ಜಾತಿ ಯಾವುದೆಂದು ಅವರು ಹುಡುಕುತ್ತಿದ್ದರು. ಗೆದ್ದ ಸಾಲಿನ ಬೀಜ ಮುಂದಿನ ವರ್ಷ ಬೇರೆ ಊರುಗಳಿಗೂ ಹೋಗುತ್ತದಂತೆ.

ಗೆಲ್ಲುವುದು ಹದಿನಾಲ್ಕನೇ ಸಾಲೇ. ಅದರಲ್ಲಿ ಪೆರಿಯನಾಯಕಿಗೆ ಅನುಮಾನವೇ ಇರಲಿಲ್ಲ. ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಮೊದಲು ಹೂ ಬಿಟ್ಟದ್ದೂ ಅದೇ. "ನಮ್ಮ ಹದಿನಾಲ್ಕು" ಎಂದು ಇಡೀ ಕ್ಲಾಸಿಗೆ ಹೇಳಿಕೊಂಡಿದ್ದಳು. ಆದರೆ ನಡುನಡುವೆ ಗೂಟವಿಲ್ಲದ ಕೆಲವು ಸಾಲುಗಳಿದ್ದವು. ಅವು ಎರಡು ವಾರದಿಂದ ಹಳದಿಯಾಗುತ್ತಿದ್ದವು. ಆ ರೋಗ ಹದಿನಾಲ್ಕಕ್ಕೆ ಅಂಟಿದರೆ? ಉದ್ದಿನ ಹೊಲದಲ್ಲಿ ಹಳದಿ ಗಿಡ ಕಂಡರೆ ಅಜ್ಜಿ ಕಿತ್ತು ಬಿಸಾಡುತ್ತಿದ್ದರು. ಇವಳೂ ಹಾಗೇ ಮಾಡಿದಳು.

ಅಷ್ಟರಲ್ಲಿ ಕೊಡೆ ಹಿಡಿದು ತಿರುಮಲೈಸಾಮಿ ಸಾರ್ ಬದುವಿನ ಮೇಲೆ ಬಂದರು.

"ಸಾರ್, ನೋಡುಂಗ! ಸೀಕು ಗಿಡ ಒಂದೂ ಇಲ್ಲ!"

ಸಾರ್ ಬಯ್ಯಲಿಲ್ಲ. ರಾಶಿಯ ಪಕ್ಕದಲ್ಲಿ ಕುಳಿತು ಕಿತ್ತ ಗಿಡವೊಂದನ್ನು ಕೈಗೆತ್ತಿಕೊಂಡರು. ಬೈದಿದ್ದರೇ ವಾಸಿಯಿತ್ತು. ಪೋತ್ತನೂರಿನವರಾದರೂ ಪೆರಿಯನಾಯಕಿಯ ಮನೆಯಂತೆ ಅವರ ಮನೆಯಲ್ಲೂ ಆಡುವುದು ಕನ್ನಡವೇ. ಮೆಲ್ಲಗೆ ಕನ್ನಡದಲ್ಲೇ ಹೇಳಿದರು.

"ಗೂಟ ಇಲ್ದಿರೋ ಸಾಲು ನಾನೇ ಬೇಕೂಂತ ಹಾಕಿದ್ದು, ನನ್ನ ಕಣ್ಣು. ಅವಕ್ಕೆ ರೋಗ ಬೇಗ ಬರ್ತದೆ. ಬಿಳಿ ನೊಣ ಅದರ ರಸ ಹೀರಿ ಪಕ್ಕದ ಸಾಲಿಗೆ ಹಾರ್ತದೆ. ಆಗ ತಾನೆ ಯಾವ ಜಾತಿ ರೋಗ ತಡ್ಕೊಳ್ಳುತ್ತೆ ಅಂತ ಗೊತ್ತಾಗೋದು? ಅದೇ ಟೆಸ್ಟು. ಈಗ ಟೆಸ್ಟೇ ಇಲ್ಲದೆ ಎಲ್ಲಾ ಪಾಸ್."

ಟೆಸ್ಟಿಲ್ಲದೆ ಎಲ್ಲರೂ ಪಾಸ್! ಸ್ಕೂಲಿನಲ್ಲಾಗಿದ್ದರೆ ಪೆರಿಯನಾಯಕಿ ಕುಣಿದಾಡುತ್ತಿದ್ದಳು. ಈಗ ಅಳು ಬಂತು.

"ತಿರುಗಿ ಬಿತ್ತುಂಗ ಸಾರ್!"

"ಅದು ಬೆಳೆದು ರೋಗ ಹಿಡಿಯೋ ಹೊತ್ತಿಗೆ ಇವು ಕಾಯಿ ಬಿಟ್ಟಿರ್ತವೆ. ಇನ್ನು ಮುಂದಿನ ವರ್ಷವೇ."

ಒಂದು ವರ್ಷ! ಥಟ್ಟನೆ ಅವಳಿಗೆ ಒಂದು ಯೋಚನೆ ಬಂತು. ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಸುಮ್ಮನಿದ್ದರೆ ಹದಿನಾಲ್ಕಕ್ಕೆ ರೋಗದ ಭಯವೇ ಇಲ್ಲ. ಹೇಳಿದರೆ ತಾನೇ ರೋಗವನ್ನು ಕರೆದು ತಂದಂತೆ. ಅವಳು ಹದಿನಾಲ್ಕನೇ ಸಾಲನ್ನು ನೋಡಿದಳು. ಆಮೇಲೆ ಬಾಡಿದ ಗಿಡವನ್ನು ಸುಮ್ಮನೆ ತಿರುವುತ್ತಿದ್ದ ಸಾರ್ ಮುಖ ನೋಡಿದಳು.

"ಸಾರ್... ಅಜ್ಜಿಯ ಉಳುಂದಿಗೂ ಕಿತ್ತಷ್ಟೂ ಇಂಗೇ ಹಳದಿ ಬರ್ತದೆ. ಅದೇ ರೋಗವಾ?"

ಸಾರ್ ಕೊಡೆ ಅಲ್ಲೇ ಬಿಟ್ಟು ಉದ್ದಿನ ಹೊಲಕ್ಕೆ ಓಡಿದರು. ಉದ್ದಿನ ಗಿಡವೊಂದರ ಎಲೆ ಮಗುಚಿ ನೋಡಿ, "ಅದೇ! ನೊಣಾನೂ ಅದೇ! ಇವನ್ನೇ ಅಗೆದು ಖಾಲಿ ಸಾಲಲ್ಲಿ ಇಡೋಣ!" ಎಂದು ಕೂಗಿದರು.

ಕೂಗು ಕೇಳಿ ಬಂದ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತರು. "ಇದೇನುಂಗ ಸಾರ್ ಅನ್ಯಾಯ! ಒಳ್ಳೆ ಗಿಡ ಯಾರೂ ಕೇಳಲ್ಲ. ಸೀಕು ಗಿಡಕ್ಕೆ ಇಷ್ಟು ಗಿರಾಕಿಯಾ?"

"ಮಣ್ಣು ಸಮೇತ ಬೇಕು, ಆತ್ತಾ. ನೊಣ ಹಾರಿ ಹೋಗ್ಬಾರದು."

"ನೊಣಾನೂ ಬೇಕಾ!" ಅಜ್ಜಿ ಹಣೆ ಚಚ್ಚಿಕೊಂಡರು. ಆದರೂ ಮನೆಯಲ್ಲಿದ್ದ ಒಡೆದ ಕುಂಡ, ಎಣ್ಣೆ ಡಬ್ಬಿ, ತೂತು ಬಕೆಟ್ಟು ಎಲ್ಲ ತಂದುಕೊಟ್ಟರು. ಸಂಜೆಯವರೆಗೂ ಮೂವರೂ ಸೀಕು ಗಿಡಗಳನ್ನು ಮೆರವಣಿಗೆಯಲ್ಲಿ ತಂದು, ಖಾಲಿ ಸಾಲುಗಳಲ್ಲಿ ಕೂರಿಸಿ ನೀರು ಹಾಕಿದರು. ಹದಿನಾಲ್ಕರ ಪಕ್ಕ ಮಾತ್ರ ಪೆರಿಯನಾಯಕಿ ಡಬ್ಬಿ ಇಡದೆ ನಿಂತಳು. ಬಹಳ ಹೊತ್ತಾದ ಮೇಲೆ ಇಟ್ಟಳು.

ಮೂರು ವಾರ ಕಳೆದು ಸಾರ್ ನೋಟ್‌ಬುಕ್ ಹಿಡಿದು ಬಂದರು. ಬಗ್ಗಿ ನೋಡಿ ಹೇಳುವ ಕೆಲಸ ಪೆರಿಯನಾಯಕಿಯದು, ಬರೆಯುವುದು ಸಾರ್ ಕೆಲಸ.

"ಹನ್ನೆರಡು?"

"ಹಳದಿ, ಸಾರ್."

"ಹದಿಮೂರು?"

"ಹಳದಿ. ಪೂರಾ ಹಳದಿ!"

"ಹದಿನಾಲ್ಕು?"

ಅವಳು ಕುಕ್ಕರಗಾಲಲ್ಲಿ ಕುಳಿತಳು. ಎಲೆಗಳು ಈಗಲೂ ಅಗಲವಾಗಿದ್ದವು. ಕಾಯಿ ಕೂಡ ಕಚ್ಚಿತ್ತು. ಆದರೆ ತುದಿಯ ಎಳೆ ಎಲೆಗಳ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕಿ. ಬದುವಿನ ಮೇಲೆ ನಿಂತಿದ್ದ ಸಾರ್‌ಗೆ ಅಷ್ಟು ದೂರದಿಂದ ಅವು ಕಾಣುತ್ತಿರಲಿಲ್ಲ. ಅವಳು ಮತ್ತೊಮ್ಮೆ ಎಲೆ ಮಗುಚಿ ನೋಡಿದಳು.

"ಹದಿನಾಲ್ಕು, ಕಣ್ಣು?"

"ಹಳದಿ, ಸಾರ್."

ಸಾರ್ ತಲೆಯೆತ್ತಿದರು. ಅವಳ ಹದಿನಾಲ್ಕರ ವಿಷಯ ಅವರಿಗೂ ಗೊತ್ತಿತ್ತು. "ಸರಿಯಾಗಿ ನೋಡಿದ್ಯಾ?"

"ಎರಡು ಸಲ ನೋಡ್ದೆ. ಬರ್ಕೊಳ್ಳುಂಗ."

ಪೆನ್ಸಿಲ್ ಸದ್ದಾಯಿತು. ಪೆರಿಯನಾಯಕಿ ಪಾವಾಡೆ ಲಂಗದ ಅಂಚಿನಲ್ಲಿ ಮೂಗು ಒರೆಸಿಕೊಂಡು ಮುಂದಿನ ಸಾಲಿಗೆ ಸರಿದಳು. ಮೊಣಕಾಲಿಗೂ ಬಾರದ ಗಿಡ್ಡ ಗಿಡಗಳು. ಇಷ್ಟು ದಿನ ಅವುಗಳ ಪಕ್ಕದಲ್ಲೇ ಓಡಾಡಿದ್ದರೂ ಒಮ್ಮೆಯೂ ನೋಡಿರಲಿಲ್ಲ. ಈಗ ಮೊದಲ ಗಿಡದ ತುದಿ ಹಿಡಿದು ಒಂದೊಂದೇ ಎಲೆ ಮಗುಚತೊಡಗಿದಳು.

"ಹದಿನೈದು?"

"ಇರುಂಗ ಸಾರ್," ಎಂದಳು ಅವಳು, ತಲೆಯೆತ್ತದೆ. "ಇನ್ನೂ ನೋಡ್ತಾ ಇದ್ದೀನಿ."