ಕಬರಿಯ ಗಂಟೆ

ಚುಕ್ಕಿ ಎಂಬ ಆಡು ನಿಂತಲ್ಲಿಯೇ ನಿಂತಿತ್ತು. ತಲೆ ಕೊಡವಲಿಲ್ಲ, ಕಾಲು ಕೀಳಲಿಲ್ಲ, ಸುಬಾಬುಲ್ ಸೊಪ್ಪು ಮೆಲುಕು ಹಾಕುತ್ತ ಬೇಲಿಯ ಕಡೆ ನೋಡುತ್ತಿತ್ತು. ಕೊರಳ ಗಂಟೆ ಮಾತ್ರ ತನ್ನಷ್ಟಕ್ಕೆ ತಾನೇ ಬಡಿದುಕೊಳ್ಳತೊಡಗಿತು.

ಅಂಗಳದಲ್ಲಿ ಕೋಳಿಗಳಿಗೆ ನುಚ್ಚು ಚೆಲ್ಲುತ್ತಿದ್ದ ಫಕೀರವ್ವನ ಕೈ ಹಾಗೇ ನಿಂತುಬಿಟ್ಟಿತು. ಮೂರು ಬಡಿತ, ಒಂದು ಬಿಡುವು, ಮತ್ತೆ ಮೂರು ಬಡಿತ. ಕಪ್ಪತಗುಡ್ಡದ ಮಗ್ಗುಲಲ್ಲಿ ಆಡು ಸಾಕಿದವರಿಗೆಲ್ಲ ಆ ಸದ್ದು ಗೊತ್ತು. ಅದು ಕೇಳಿದ ಮನೆಯ ಆಡಿನ ದಡ್ಡಿಯಲ್ಲಿ ಹೊತ್ತು ಮುಳುಗುವಷ್ಟರಲ್ಲಿ ಒಂದು ಮರಿಯೂ ಉಳಿಯುವುದಿಲ್ಲ.

ಕಾವಲುಗಂಟೆ ಎಂದು ಅದಕ್ಕೆ ಹೆಸರು. ಹಿಂದಿನ ದಶಕದಲ್ಲಿ ಗಂಟಲುಬೇನೆ ಎಂಬ ಹೊಸ ರೋಗ ಬಂದು ಸೀಮೆಯ ಆಡು ಕುರಿಗಳನ್ನು ಗುಡಿಸಿ ಹಾಕಿದಾಗ ಡಾ. ಅಸ್ಮಾ ನದಾಫ್ ಎಂಬ ವಿಜ್ಞಾನಿ ಅದನ್ನು ಕಂಡುಹಿಡಿದಿದ್ದರು. ಹಿತ್ತಾಳೆ ಗಂಟೆಯ ಒಳಗೆ ಸಾಸಿವೆ ಕಾಳಿನಷ್ಟು ಚಿಕ್ಕ ಸಂವೇದಕಗಳು, ಅಂದರೆ ಮೈಯ ಸಣ್ಣ ಸಣ್ಣ ಬದಲಾವಣೆಯನ್ನು ಗ್ರಹಿಸುವ ಸಾಧನಗಳು. ಎದೆಬಡಿತ, ಉಸಿರು, ಮೆಲುಕಿನ ಲಯ ಎಲ್ಲವನ್ನೂ ಅವು ಅಳೆಯುತ್ತವೆ. ಲಯ ತಪ್ಪಿದರೆ ವಾರವೊಂದು ಸುಮ್ಮನೆ ಗಮನಿಸಿ, ಜ್ವರ ಕಾಣಿಸುವ ಮೊದಲೇ ಕೂಗು ಹಾಕುತ್ತವೆ, ಜಿಲ್ಲಾ ಕಚೇರಿಗೂ ಸುದ್ದಿ ಮುಟ್ಟಿಸುತ್ತವೆ. ಅಂದೇ ಕಚೇರಿಯ ಲಾರಿ ಬಂದು ಇಡೀ ಹಿಂಡನ್ನು ಕೊಲ್ಲಲು ಒಯ್ಯುತ್ತದೆ. ಹಿಂಡಿನ ಮುಂದಾಳು ಆಡಿಗೆ ಒಂದು ಕಟ್ಟಿದರೆ ಸಾಕು. ಎಲ್ಲಕ್ಕಿಂತ ಮೊದಲು ನೀರಿಗೆ ಬಾಯಿ ಹಾಕುವುದೂ ಅದೇ, ಬೇನೆಗೆ ಬೀಳುವುದೂ ಅದೇ. ಗಂಟೆ ಬಂದ ಮೇಲೆ ಬೇನೆ ಬಾಲ ಮುದುರಿಕೊಂಡಿತು. ಜನ ಗಂಟೆಗೆ ಕುಂಕುಮ ಹಚ್ಚಿ ಕೈ ಮುಗಿದರು.

ಫಕೀರವ್ವನ ಮೂರು ಎಕರೆಯ ಸಂಸಾರ ನಿಂತಿದ್ದೇ ಆಡುಗಳ ಮೇಲೆ. ಆಡಿನ ಹಿಕ್ಕೆ ಗ್ಯಾಸಿನ ಗುಂಡಿಗೆ, ಗ್ಯಾಸು ಒಲೆಗೆ, ಗುಂಡಿಯ ರಾಡಿ ಜೋಳದ ಹೊಲಕ್ಕೆ, ಜೋಳದ ಕಣಿಕೆ ಮತ್ತೆ ಆಡಿನ ಬಾಯಿಗೆ. ಹೊರಗಿನಿಂದ ಅವಳು ತರುತ್ತಿದ್ದುದು ಉಪ್ಪು, ಅರಿವೆ, ಅಷ್ಟೇ. ಒಂದು ಕೊಂಡಿ ಕಳಚಿದರೆ ಒಲೆಯೂ ಆರುತ್ತದೆ, ಹೊಲವೂ ಸೊರಗುತ್ತದೆ. ಮೇಲಾಗಿ, ಗಂಟೆ ಕೂಗಿದ ದಡ್ಡಿ ವರ್ಷವಿಡೀ ಖಾಲಿ ಇರಬೇಕೆಂಬುದು ಕಾಯಿದೆ. ಒಂದು ವರ್ಷ ಆಡಿಲ್ಲದೆ ಬದುಕಿದರೆ ಆಮೇಲೆ ಬದುಕು ಅಂತ ಉಳಿದಿರುತ್ತದೆಯೇ?

ಮಧ್ಯಾಹ್ನ ಜೀಪು ಬಂತು. ಇಳಿದವರು ಕಚೇರಿಯ ಯಾರೋ ಅಲ್ಲ, ಸಾಕ್ಷಾತ್ ಅಸ್ಮಾ ನದಾಫರೇ. ಮುಖದಲ್ಲಿ ದಣಿವಿತ್ತು. ಮಣಿಕಟ್ಟಿನಲ್ಲಿ ಅವರ ನಾಡಿ, ನಿದ್ದೆಗಳ ಲೆಕ್ಕ ಇಡುವ ಕಪ್ಪು ಪಟ್ಟಿಯಿತ್ತು.

"ಲಾರಿ ಸಂಜಿಗೆ ಬರ್ತದ, ಅಕ್ಕಾರ," ಎಂದರು ಮೆಲ್ಲಗೆ.

"ಅದಕ್ಕ ಏನಾಗೇತ್ರಿ ಅಮ್ಮಾರ? ಛಲೋ ಮೇಯಾಕ ಹತ್ತೇತಿ ನೋಡ್ರಿ. ಕಣ್ಣು, ಮೂಗು ಎಲ್ಲಾ ಸ್ವಚ್ಛ ಅದಾವು!"

"ನಮ್ಮ ಕಣ್ಣಿಗೆ ಕಾಣೂಕಿಂತ ಮೊದಲ ಗಂಟಿಗೆ ತಿಳಿತದ. ಅದಕ್ಕ ನಿಮಗ ಕಾಣೂದಿಲ್ಲ."

ನಾಳೆಯ ರೋಗವನ್ನು ಇವತ್ತು ಹೇಳುವ ಯಂತ್ರದ ಜೊತೆ ವಾದಕ್ಕೆ ನಿಲ್ಲುವುದಾದರೂ ಹೇಗೆ? ಗಂಡ ಯಮನೂರಪ್ಪ ದಡ್ಡಿಯ ಬಾಗಿಲಿಗೆ ಅಡ್ಡಲಾಗಿ ಕುಕ್ಕರಗಾಲಲ್ಲಿ ಕುಳಿತಿದ್ದವನು ಏಳಲೇ ಇಲ್ಲ.

ಅಸ್ಮಾ ಚೀಲದಿಂದ ಗಂಟೆಯ ಲೆಕ್ಕ ತೋರಿಸುವ ಫಲಕ ತೆಗೆದು, ಒತ್ತಿ ಸದ್ದು ನಿಲ್ಲಿಸಿದರು. ಆಡಿನ ಗಂಟಲ ದ್ರವ ತೆಗೆದು ಸೀಸೆಗೆ ಹಾಕಿದರು. "ಇದರ ಫಲಿತಾಂಶ ನಾಳೆ ಮುಂಜಾನೆ ಬರ್ತದ. ಆದರ ಅಲ್ಲೀತನಕ ಕಾಯಾಕ ಕಾಯಿದೆ ಬಿಡೂದಿಲ್ಲ," ಎಂದು ಫಲಕವನ್ನು ತೋರಿಸಿದರು. "ಮೂರು ವರ್ಷದಿಂದ ಈ ಆಡಿನ ಎದಿಬಡಿತಾ ಗಂಟಿಗೆ ಬಾಯಿಪಾಠ ಆಗೇದ. ಹೋದ ವಾರದಿಂದ ಎಲ್ಲಾ ಬದಲಾಗೇದ ನೋಡ್ರಿ. ಬಡಿತಾ ಜೋರು, ಉಸಿರು ಗಿಡ್ಡ."

ಫಕೀರವ್ವ ತಟ್ಟನೆ ತಲೆ ಎತ್ತಿದಳು. ಮೂರು ವರ್ಷ? ಈ ಚುಕ್ಕಿ ಹುಟ್ಟಿ ಎರಡು ವರ್ಷವೂ ತುಂಬಿಲ್ಲ!

ಯಮನೂರಪ್ಪನಿಗೂ ಅದು ಹೊಳೆದಿರಬೇಕು. ಹೆಂಡತಿಯ ಕಡೆ ನೋಡಿ, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದ.

ಗಂಟೆ ಚುಕ್ಕಿಯದಲ್ಲ, ಅದರ ತಾಯಿ ಕಬರಿಯದು. ಹೋದ ವಾರ ಮಗಳು ಹುಲಿಗೆವ್ವ ಬಾಣಂತನ ಮುಗಿಸಿ ಕೂಸಿನ ಜೊತೆ ಗಂಡನ ಮನೆಗೆ ಹೊರಟಾಗ ಕಬರಿಯನ್ನೂ ಹಿಂದೆ ಕಳಿಸಿದ್ದರು. ಬಾಣಂತಿಯ ಹಿಂದೆ ತವರಿನ ಹಾಲಾಡು ಹೋಗಬೇಕು, ಗಂಟೆ ಮಾತ್ರ ಹೊಸ್ತಿಲು ದಾಟಕೂಡದು, ಆ ಆಡಿನ ಮಗಳ ಕೊರಳಿಗೆ ಏರಬೇಕು. ಬರೀ ಹಿತ್ತಾಳೆ ಗಂಟೆ ಇದ್ದ ಅಜ್ಜಿಯ ಕಾಲದಿಂದ ನಡೆದು ಬಂದದ್ದು ಹಾಗೆ. ಗಂಟೆಯನ್ನು ಬಿಚ್ಚಬೇಡಿ ಎಂದು ಯಾರೂ ಹೇಳಿರಲಿಲ್ಲ, ಬಿಚ್ಚಿಯಾರು ಎಂದು ಯಾರಿಗೂ ಹೊಳೆದಿರಲಿಲ್ಲ.

ಈಗ ಬಾಯಿ ಬಿಟ್ಟರೆ? ಕಚೇರಿಗೆ ತಿಳಿಸದೆ ಆಡನ್ನು ಊರು ದಾಟಿಸಿದ್ದು ತಪ್ಪು. ಬೇನೆ ನಿಜವೇ ಆಗಿದ್ದರೆ ಲಾರಿ ಇಲ್ಲಿಂದ ನೆಟ್ಟಗೆ ಮಗಳ ಊರಿಗೆ ಹೋಗುತ್ತದೆ, ಆ ಓಣಿಯ ಆಡುಗಳೆಲ್ಲ ಹೋಗುತ್ತವೆ. ಸೊಸೆಯ ಕಾಲ್ಗುಣ ಅಂತ ಅಲ್ಲಿಯವರು ಆಡಿಕೊಳ್ಳದೆ ಬಿಡುತ್ತಾರೆಯೇ? ಬಾಯಿ ಬಿಡದಿದ್ದರೆ ಚುಕ್ಕಿ, ಮರಿಗಳು, ಒಲೆ, ಹೊಲ ಎಲ್ಲಾ ಇವತ್ತಿಗೇ ಮುಗಿಯಿತು. ಎತ್ತ ಹೊರಳಿದರೂ ಕರುಳಿಗೇ ಕತ್ತರಿ.

ದೂರದಲ್ಲಿ ಲಾರಿಯ ಸದ್ದು ಕೇಳಿತು. ಚುಕ್ಕಿ ಬಂದು ಅವಳ ಸೀರೆಯ ಸೆರಗು ಕಚ್ಚಿ ಎಳೆಯಿತು.

"ಅಮ್ಮಾರ, ಅದರ ಬಾಯಿ ಬಿಡಿಸಿ ಹಲ್ಲು ನೋಡ್ರಿ," ಎಂದಳು ಫಕೀರವ್ವ. "ಮೂರು ವರ್ಷದ ಆಡಿನ ಹಲ್ಲೇನ್ರಿ ಅವು? ಈ ಗಂಟಿ ಇದರದಲ್ರಿ. ಇದರ ಅವ್ವಂದು. ಅವ್ವ ನನ್ನ ಮಗಳ ಜೋಡಿ ಹೋಗ್ಯಾಳ್ರಿ."

"ಏ, ಬಾಯಿ ಮುಚ್ಚ!" ಎಂದು ಯಮನೂರಪ್ಪ ಎದ್ದೇ ಬಿಟ್ಟ.

ಅಸ್ಮಾ ಅವನ ಕಡೆ ನೋಡಲಿಲ್ಲ. ಮೊಣಕಾಲೂರಿ ಆಡಿನ ತುಟಿ ಸರಿಸಿ ಹಲ್ಲು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಗಂಟೆ ಬಿಚ್ಚಿ, ತಮ್ಮ ಗಂಟಲಿಗೇ ಒತ್ತಿ ಹಿಡಿದುಕೊಂಡರು. ಒಮ್ಮೆ ಅನುಮಾನ ಹುಟ್ಟಿದ ಗಂಟೆ ಮತ್ತೆ ವಾರ ಕಾಯುವುದಿಲ್ಲ, ಕ್ಷಣಕ್ಷಣಕ್ಕೂ ಅಳೆಯುತ್ತದೆ.

ಮೂರು ಬಡಿತ, ಒಂದು ಬಿಡುವು, ಮೂರು ಬಡಿತ.

ಬೇನೆಯಿಲ್ಲದ ಮನುಷ್ಯರ ಗಂಟಲಿಗೂ ಅದೇ ಕೂಗು. ಬಾಗಿಲಿಗೆ ಬಂದ ಲಾರಿಯವನಿಗೆ ಅಸ್ಮಾ ಕೈ ಅಡ್ಡ ಹಿಡಿದರು. "ವಾಪಸ್ ಹೋಗಪಾ. ಗಂಟಿ ತಪ್ಪು ಅಂತ ನಾನ ಬರದು ಕೊಡ್ತೀನಿ. ಮುಂಜಾನಿ ತನಕ ಈ ದಡ್ಡಿ ಯಾರೂ ಮುಟ್ಟಬ್ಯಾಡ್ರಿ." ಫಕೀರವ್ವನ ಕಡೆ ತಿರುಗಿ, "ಮಗಳ ಊರಿಗೂ ನಾನ ಹೋಗಿ ಆ ಆಡು ನೋಡ್ತೀನಿ. ಲಾರಿ ಬರೂದಿಲ್ಲ," ಎಂದರು.

ಫಕೀರವ್ವನಿಗೆ ಅಳು ಉಕ್ಕಿ ಬಂತು. ನಗುವೂ ಬಂತು. ಚುಕ್ಕಿಯ ಕೊರಳನ್ನು ತಬ್ಬಿ ಕುಳಿತುಬಿಟ್ಟಳು.

ಅಸ್ಮಾ ಮಾತ್ರ ನಗಲಿಲ್ಲ. ಗಂಟೆಯನ್ನು ಕೈಯಲ್ಲಿ ಹಿಡಿದೇ ಕಟ್ಟೆಯ ಮೇಲೆ ಕುಳಿತರು. ಲಾರಿಯ ಸದ್ದು ಅಡಗಿದ ಮೇಲೆ ಕೇಳಿದರು: "ಈ ಕಡೆ ಎಲ್ಲಾರೂ ಗಂಟಿ ಹಿಂಗ ಮಗಳಿಗೆ ಕಟ್ತಾರೇನು ಅಕ್ಕಾರ?"

"ಮತ್ತ? ಗಂಟಿ ಯಾರರ ಗೂಟಕ್ಕ ತೂಗ ಹಾಕ್ತಾರೇನ್ರಿ?"

"ಹೋದ ತಿಂಗಳ ಎತ್ತಿನಮಾಳದಾಗ ಒಬ್ಬ ಮುದುಕ ಲಾರಿ ಹಿಂದ ಓಡಿ ಬಂದಿದ್ದ. 'ಇದು ಬ್ಯಾರೆ ಆಡ್ರಿ, ಇದು ಬ್ಯಾರೆ ಆಡು' ಅಂತ ಒಂದ ಸವನ ಒದರತಿದ್ದ. ದುಃಖದಾಗ ಏನೋ ಅಂತಾನ ಅಂದ್ಕೊಂಡು ನಾ ಜೀಪು ಹತ್ತಿದೆ." ಅವರ ದನಿ ತಡವರಿಸಿತು. "ಇಂಥವು ಎಷ್ಟು ಮನಿ ಅದಾವೋ. ನಾ ಕೇಳಲೇ ಇಲ್ಲ."

ಫಕೀರವ್ವನಿಗೆ ಆ ಹೆಣ್ಣುಮಗಳನ್ನು ಕಂಡು ಪಾಪ ಎನಿಸಿತು. ಒಳಗಿನಿಂದ ಒಂದು ಲೋಟ ಬಿಸಿ ಹಾಲು ತಂದು ಕೊಟ್ಟಳು.

"ಗಂಟಿ ಸುಳ್ಳ ಹೇಳಿಲ್ರೀ ಅಮ್ಮಾರ," ಎಂದಳು. "ನಮ್ಮ ಕಬರಿ ಇಲ್ಲಿಲ್ಲ ಅಂತ ಒದರ್ಯಾಡೇತಿ, ಅಷ್ಟ. ಬ್ಯಾನಿ ಬಂತು ಅಂತ ನಾವ ಕೇಳಿಸಿಕೊಂಡ್ವಿ."

ಅಸ್ಮಾ ಹಾಲು ಕುಡಿದರು. ಅವರ ಮಣಿಕಟ್ಟಿನ ಪಟ್ಟಿ ಮಿಣುಕಿ, ನೀವು ಆರೋಗ್ಯವಾಗಿದ್ದೀರಿ ಎಂದಿತು. ಅವರು ಅದನ್ನೇ ಒಂದು ಗಳಿಗೆ ನೋಡಿ, ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಎತ್ತಿನಮಾಳಕ್ಕೆ ಯಾವ ದಾರಿ ಹತ್ತಿರ ಎಂದು ಕೇಳಿದರು.