ಸಾವ್ಕಾರರ ಮಂಚದ ಕೆಳಗೆ

ನನ್ನ ಮೂಗಿನಿಂದ ನಾಲ್ಕು ಇಂಚು ದೂರದಲ್ಲಿ ಒಂದು ಜೊತೆ ಕರಿ ಬೂಟು ನಿಂತಿತ್ತು.

ಉಸಿರು ಬಿಗಿಹಿಡಿದೆ.

ಬಂಕಾಪುರ. ಹತ್ತಿ ಮಿಲ್ಲಿನ ಉಳಿವೆಪ್ಪ ಸಾವ್ಕಾರರ ಬಂಗಲೆ, ಈಗ ಮ್ಯೂಸಿಯಂ. ಮಹಡಿಯ ಮೇಲೆ ಅವರ ತೇಗದ ಮಂಚ. ಅದರ ಕೆಳಗೆ ನಾನು... ಕೈಯಲ್ಲಿ ಕತ್ತರಿ.

ಮಂಚದ ಸುತ್ತ ಹಗ್ಗ ಕಟ್ಟಿ 'ಮುಟ್ಟಬಾರದು' ಎಂದು ಬರೆದಿದ್ದರು. ಕೆಳಗೆ ತೂರಬಾರದು ಎಂದು ಬರೆದಿರಲಿಲ್ಲ. ನಾನು ಟಿಕೆಟ್ ತೆಗೆದುಕೊಂಡೇ ಬಂದವಳು.

ಹೆಸರು ಸರೋಜವ್ವ. ಶಿಗ್ಗಾಂವಿಯಲ್ಲಿ ಟೇಲರಿಂಗ್ ಅಂಗಡಿ. ಅದು ಬೋರ್ಡಿನ ಮೇಲಿನ ಕೆಲಸ. ಒಳಗಿನ ಕೆಲಸ ಬೇರೆ. ತಪ್ಪಿಸಿಕೊಂಡ ಎಮ್ಮೆ, ಮುನಿಸಿಕೊಂಡ ಅಳಿಯ... ಇಬ್ಬರನ್ನೂ ಮನೆಗೆ ತಂದು ಬಿಡುತ್ತೇನೆ. ಎಮ್ಮೆಗೆ ಮಾತ್ರ ಉಪಕಾರ ನೆನಪಿರುತ್ತದೆ.

ಈ ಸಲದ ಪಾರ್ಟಿ ಸವಣೂರಿನ ಚಾಂದಬಿ. ವಯಸ್ಸು ಎಪ್ಪತ್ತು. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಕಡಿಮೆಯಿಲ್ಲ.

"ಆ ಮಂಚದ ಮ್ಯಾಲಿನ ಕೌದಿ ಹೊಲದಾಕಿ ನಮ್ಮವ್ವ, ಮುಮ್ತಾಜಬೇಗಂ. ಸಾವ್ಕಾರ್ತಿ ಸುಶೀಲವ್ವ ಹೊಲದಾಳ ಅಂತ ಬರದು ನಾಳೆ ಹಿತ್ತಾಳಿ ಪಟ್ಟಿ ಬಡೀತಾರಂತ. ಅವ್ವಂದು ಒಂದು ಫೋಟೋನೂ ಇಲ್ಲ ನನ್ನ ಹಂತೇಲಿ. ಇದೊಂದ ಉಳದೈತಿ."

ಬಂಗಲೆಯ ಮ್ಯಾನೇಜರೂ ಗೈಡೂ ಒಬ್ಬರೇ... ವೆಂಕಟೇಶ, ರಿಟೈರ್ಡ್ ಹಿಸ್ಟರಿ ಮಾಸ್ತರ. ಚಾಂದಬಿ ಮೂರು ಸಲ ಹೋದಳು. ಮೂರು ಸಲವೂ ಒಂದೇ ಉತ್ತರ. "ಪುರಾವೆ ತೋರಸ್ರಿ. ಕೌದಿ ಮಾತ್ರ ಮುಟ್ಟಬ್ಯಾಡ್ರಿ."

ಪುರಾವೆ ಇದ್ದದ್ದೇ ಕೌದಿಯ ಹೊಟ್ಟೆಯಲ್ಲಿ. ಎಲ್ಲರೂ ಹೋದ ಮೇಲೆ ಅದನ್ನು ಬಿಚ್ಚಲೆಂದೇ ಕತ್ತರಿ.

ನಮ್ಮ ಕಡೆ ಹಳೆ ಬಟ್ಟೆ ತುಂಡು ಜೋಡಿಸಿ ಕೌದಿ ಹೊಲಿದು ಮುಗಿಸುವಾಗ ಕೊನೆಯ ತುಂಡಿನೊಳಗೆ ಚಪಾತಿ ಚೂರು, ಸಕ್ಕರೆ ಇಟ್ಟು ಹೊಲಿಯುತ್ತಾರೆ. ಹೊಟ್ಟೆ ತುಂಬಿಸುವುದು ಅಂತಾರೆ. ಹಸಿದ ಕೌದಿಯನ್ನು ಯಾರಿಗೂ ಹೊದಿಸುವುದಿಲ್ಲ. ಆ ಜಾಗ ಯಾವುದೆಂದು ಹೊಲಿದವರಿಗೆ, ಅವರ ಮನೆಯವರಿಗಷ್ಟೇ ಗೊತ್ತು.

ಬೂಟುಗಳು ಅಲುಗಾಡಿದವು. ವೆಂಕಟೇಶ ಪ್ರವಾಸಿಗರನ್ನು ಕೇಳುತ್ತಿದ್ದರು. "ಇದನ್ನ ಹೊಲೀಲಿಕ್ಕೆ ಎಷ್ಟು ತಿಂಗಳ ಹಿಡೀತು? ಯಾರರೆ ಹೇಳ್ರಿ ನೋಡೋಣು."

ಆಗಲೇ ನನ್ನ ಫೋನ್ ನಡುಗಿತು. ಮಗಳು. ಎತ್ತದಿದ್ದರೆ ಇಪ್ಪತ್ತು ಸಲ ಮಾಡುವವಳು.

"ಅವ್ವ, ಬ್ಯಾಳಿಗೆ ಎಷ್ಟು ಸೀಟಿ ಹೊಡಸ್ಲಿ?"

"ನಾಲ್ಕು," ಎಂದು ಪಿಸುಗುಟ್ಟಿದೆ.

ಬೂಟು ತಿರುಗಿತು. ಮೊಳಕಾಲು ಬಗ್ಗಿತು. ಕನ್ನಡಕ ಇಳಿದು ಬಂತು.

"ಯಾರ್ರಿ ನೀವು?"

"ಬಂಗ್ಲೆ ನೋಡಾಕ ಬಂದೇನ್ರಿ."

"ಕೈಯಾಗ ಕತ್ರಿ ಅದ."

"ಕೆಲವ್ರು ಕ್ಯಾಮೆರಾ ತರ್ತಾರ್ರಿ."

ಆಚೆ ಬದಿಗೆ ಉರುಳಿ ಎದ್ದು ಓಡಿದೆ. ಅವರು ಬೆನ್ನು ಹತ್ತಿದರು. ಮಂಚದ ಸುತ್ತ ಒಂದು ಸುತ್ತು... ಎರಡು ಸುತ್ತು. ಅವರಿಗೆ ಮಂಡಿನೋವು, ನನಗೆ ಸೀರೆ. ಮೂರನೆಯ ಸುತ್ತಿನಲ್ಲಿ ಹಗ್ಗ ನನ್ನ ಕಾಲಿಗೆ ಸಿಕ್ಕಿತು.

"ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದು ಏದುಸಿರು ಬಿಟ್ಟರು.

"ಮಾಡ್ರಿ. ಮೊದ್ಲ ಆಕೀನ್ನ ಕೇಳ್ರಿ, ಕೌದಿ ಹೊಟ್ಯಾಗ ಏನೈತಿ ಅಂತ."

ನನ್ನ ಜೊತೆ ಬಂದಿದ್ದ ಚಾಂದಬಿ ಬಾಗಿಲಲ್ಲಿ ನಿಂತಿದ್ದಳು. ಪ್ರವಾಸಿಗರ ಮೊಬೈಲುಗಳೆಲ್ಲ ಮೇಲೆದ್ದಿದ್ದವು. ವೆಂಕಟೇಶ ಅವನ್ನೊಮ್ಮೆ ನೋಡಿದರು.

"ಹೇಳ್ರಿ."

"ಎಡಗಡೆ ಮೂಲಿ, ಕೆಂಪು ತುಂಡು. ಚಪಾತಿ-ಸಕ್ರಿ ಇರುವಿ ತಿಂದಿರ್ತಾವ. ನನ್ನ ಹಲ್ಲು ಇರ್ತೈತಿ."

"ಹಲ್ಲು?"

"ನನಗ ಆಗ ಏಳು ವರ್ಷ. ಹೊಟ್ಟಿ ತುಂಬಸಾಕತ್ತೀದಿ, ಕೌದಿ ಅಗೀಬೇಕಲ್ಲ ಅಂತ ಅವ್ವಗ ಕೇಳಿದ್ನಿ. ಅವತ್ತ ಬಿದ್ದ ಹಾಲುಹಲ್ಲು ಒಳಗ ಇಟ್ನಿ. ಅವ್ವ ನಕ್ಕೋತ ಹೊಲದ್ಲು."

"ಇರಲಿಲ್ಲ ಅಂದ್ರ?"

"ನಾಳೆ ಪಟ್ಟಿ ಬಡಿಯೂ ಮುಂದ ಮೊಳಿ ನಾನ ಹಿಡೀತೇನಿ."

ವೆಂಕಟೇಶ ನನ್ನ ಕತ್ತರಿ ಕಸಿದುಕೊಂಡರು. ಕೆಂಪು ತುಂಡಿನ ಹೊಲಿಗೆ ಬಿಚ್ಚತೊಡಗಿದರು. ಒಂದು ಹೊಲಿಗೆ... ಎರಡು... ಐದು. ಕಂದು ಪುಡಿ ಉದುರಿತು. ಇನ್ನೇನೂ ಬರಲಿಲ್ಲ.

ಚಾಂದಬಿ ಕಣ್ಣು ಮುಚ್ಚಿದಳು.

ಅವರು ಬೆರಳು ತೂರಿಸಿ ಹೊರಗೆಳೆದರು. ಅಂಗೈಯಲ್ಲಿ ಜೋಳದ ಕಾಳಿನಷ್ಟು ಹಲ್ಲು.

ಅದನ್ನು ಕೆಂಪು ತುಂಡಿನ ಮೇಲಿಟ್ಟರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. "ನಿಮ್ಮ ತಾಯಿ ಹೆಸರು ಇನ್ನೊಮ್ಮೆ ಹೇಳ್ರಿ. ಪಟ್ಟಿ ಬ್ಯಾರೆ ಮಾಡಸ್ತೀನಿ."

ಹೊಲಿಗೆ ಮುಚ್ಚಲು ನಾನು ಸೂಜಿ ತೆಗೆದೆ. ಖಾಲಿಯಾದ ಕೌದಿಯ ಹೊಟ್ಟೆಗೆಂದು ಚಾಂದಬಿ ಚೀಲದಿಂದ ಒಂದು ಚಿಟಿಕೆ ಸವಣೂರು ಖಾರಾ, ಕರಿದ ಕುರುಕಲು, ಒಳಗಿಟ್ಟಳು.

"ಹಲ್ಲು ತಗೋತೀರೇನು?" ವೆಂಕಟೇಶ ಕೇಳಿದರು.

"ಅಲ್ಲೇ ಇರ್ಲಿ ಬಿಡ್ರಿ. ನನ್ನ ಬಾಯಾಗಂತೂ ಒಂದೂ ಇಲ್ಲ."

ಮುಮ್ತಾಜಬೇಗಂಗೆ ಹಿತ್ತಾಳೆ ಪಟ್ಟಿ ಸಿಕ್ಕಿತು. ನನಗೆ ಸಿಕ್ಕಿದ್ದು, ನಾಲ್ಕರ ಬದಲು ಹದಿನಾಲ್ಕು ಸೀಟಿ ಹೊಡೆಸಿಕೊಂಡು ತಳ ಹತ್ತಿದ ಬೇಳೆ.