ಶಿಳ್ಳೆ ಕೇಳಿ ಬಂದ ನಾಯಿ

ಅಕ್ಕ ಆ ಮಾತನ್ನು ಗಿರಾಕಿಗಳ ಎದುರಿಗೇ ಹೇಳಿದಳು. ತಮ್ಮನಿಗೆ ಸಹಿಸಲಾಗದ್ದು ಅದೇ.

"ಮುಂದಿನ ತಿಂಗಳಿಂದ ಅಂಗಡಿ ಇವಳದ್ದು," ಎಂದು ಸಹಾಯಕಿಯ ಹೆಗಲ ಮೇಲೆ ಕೈಯಿಟ್ಟಳು. "ನನ್ನ ತಮ್ಮ ಊರಿಗೆಲ್ಲ ಕನ್ನಡಕ ಹಾಕ್ತಾನೆ, ಅವನಿಗೆ ಮಾತ್ರ ಎದುರಿಗಿರೋದೂ ಕಾಣಲ್ಲ. ಯಾರ ಮಾತೂ ಕಿವಿಗೆ ಹಾಕ್ಕೊಳ್ಳಲ್ಲ."

ಅಪ್ಪ ತೆರೆದು ಅಕ್ಕನ ಹೆಸರಿಗೆ ಬಿಟ್ಟುಹೋದ ಕನ್ನಡಕದಂಗಡಿ. ಅದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಲೇ ಅವನ ಕೂದಲು ನೆರೆತಿತ್ತು. ನಿನ್ನೆ ಮೊನ್ನೆ ಬಂದವಳಿಗೆ ಅಂಗಡಿ, ಅವನಿಗೆ ಗಾಜಿನ ಪುಡಿ! ಅವನು ನಕ್ಕ. ನಗುತ್ತಲೇ ಒಂದು ಚೌಕಟ್ಟಿನ ತಿರುಪು ಬಿಗಿದ. ಸಹಾಯಕಿಯ ಹೆಸರಿಗೆ ಪತ್ರವಾಗುವ ಮೊದಲೇ, ಗಂಡ ಮಕ್ಕಳಿಲ್ಲದ ಅಕ್ಕ ಇಲ್ಲವಾದರೆ, ಅಂಗಡಿ ತಾನಾಗಿ ತಮ್ಮನದಾಗುತ್ತದೆ.

ಹಾವು ಸಾಯಬೇಕು, ಕೋಲು ಮುರಿಯಬಾರದು. ಹುಡುಕಿ ಹುಡುಕಿ ಆ ಮನೆಯನ್ನು ಆರಿಸಿದ. ಹೊಲಗಳ ನಡುವೆ ಒಂಟಿ ಮನೆ, ರಜೆಗೆ ಬರುವವರಿಗೆ ಬಾಡಿಗೆಗೆ. ಅಡುಗೆ ಬಂದವರೇ ಮಾಡಿಕೊಳ್ಳಬೇಕಾದ್ದರಿಂದ ಆಳುಕಾಳು ಸುಳಿಯುವುದಿಲ್ಲ. ಹಿತ್ತಲಾಚೆ ಕಲ್ಲು ತೆಗೆದು ಬಿಟ್ಟ ಆಳದ ಹೊಂಡ, ತುಂಬ ನೀರು. ಸಾಕುಪ್ರಾಣಿಗಳಿಗೂ ಅಲ್ಲಿ ಸ್ವಾಗತವಿತ್ತು. ಇಲ್ಲದಿದ್ದರೆ ಅಕ್ಕ ಹೊರಡುತ್ತಲೇ ಇರಲಿಲ್ಲ. ಯಾರೋ ಬೀದಿಗೆ ಬಿಟ್ಟಿದ್ದ ಮುದಿ ನಾಯಿಯೊಂದನ್ನು ಅವಳು ಹೊಸದಾಗಿ ಮನೆಗೆ ತಂದುಕೊಂಡಿದ್ದಳು.

"ಆದದ್ದು ಆಯ್ತು ಅಕ್ಕ, ನಾಲ್ಕು ದಿನ ಎಲ್ಲಾದ್ರೂ ಹೋಗಿಬರೋಣ," ಎಂದ.

ಅವಳ ಕಣ್ಣು ತುಂಬಿತು. "ನೀನಾಗೇ ಕರೀತಿದ್ದೀಯಲ್ಲೋ!"

ಬೀಗದ ಕೈ ಕೊಡಲು, ಪಕ್ಕದ ಹೊಲದಲ್ಲೇ ವಾಸವಿದ್ದ ಮನೆಯೊಡತಿ ಬಂದಳು. ಬಾಗಿಲಲ್ಲೇ ಇಬ್ಬರು ಹೆಂಗಸರ ನಾಯಿಪುರಾಣ ಶುರುವಾಯಿತು. ಅವನು ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ. ಅವನ ಕಣ್ಣು ಹಿತ್ತಲಿನಿಂದ ಹೊಂಡಕ್ಕಿರುವ ದಾರಿಯನ್ನು ಅಳೆಯುತ್ತಿತ್ತು. ಬಾಯಿ ಮಾತ್ರ ಹೌದು ಹೌದು ಎನ್ನುತ್ತಿತ್ತು.

ನಾಯಿಗೂ ಅವನಿಗೂ ಆಗಿಬರಲಿಲ್ಲ. ಅವನು ಕರೆದರೆ ಬಂಡೆಯ ಮೇಲೆ ಮಳೆ ಸುರಿದಂತೆ. ಅಕ್ಕ ಹಿಮ್ಮಡಿಯಿಂದ ನೆಲ ತಟ್ಟಿದರೆ ಸಾಕು, ಬಾಲ ಆಡಿಸುತ್ತ ಎದ್ದು ಬರುತ್ತಿತ್ತು. ಯಜಮಾನಿಯ ಹಾಗೇ ಜಂಬ, ಎಂದುಕೊಂಡ. ಆದರೂ ಅದೇ ನಾಯಿ ಅವನ ಸಾಕ್ಷಿಯಾಗಬೇಕಿತ್ತು. ನಾಯಿ ತಪ್ಪಿಸಿಕೊಂಡಿತು, ತಾನು ರಸ್ತೆಯುದ್ದಕ್ಕೂ ಹುಡುಕುತ್ತಿದ್ದೆ, ಅಷ್ಟರಲ್ಲಿ ಅಕ್ಕ ಕಾಲು ಜಾರಿ ಬಿದ್ದಳು. ಇದರಲ್ಲಿ ಯಾರು ಏನು ತಪ್ಪು ಹುಡುಕಿಯಾರು?

ಸಂಜೆ ಅಕ್ಕ ಹೊಂಡದ ಅಂಚಿನ ಬಂಡೆಯ ಮೇಲೆ ಕುಳಿತಿದ್ದಳು. ಅವನು ನಾಯಿಯನ್ನು ಕಾರಿನೊಳಗೆ ಕೂಡಿಹಾಕಿ, ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿ, ಹುಲ್ಲಿನ ಮೇಲೆ ಸದ್ದಾಗದಂತೆ ನಡೆದು ಬಂದ. ಹಿಂದಿನಿಂದ ತಳ್ಳಿದ. "ಲೋ..." ಎಂದಳು, ಅಷ್ಟೇ. ನೀರು ಮತ್ತೆ ನಿಶ್ಚಲವಾಗುವವರೆಗೆ ನಿಂತ.

ಆಮೇಲೆ ರಸ್ತೆಗಿಳಿದು ಜೋರಾಗಿ ಶಿಳ್ಳೆ ಹಾಕಿದ. ಹುಲ್ಲು ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನವನನ್ನು ನಿಲ್ಲಿಸಿ, "ನಮ್ಮ ನಾಯಿ ಏನಾದ್ರೂ ಕಂಡಿತಾ?" ಎಂದು ಕೇಳಿದ. ಟ್ರ್ಯಾಕ್ಟರ್ ಮರೆಯಾದ ಮೇಲೆ ನಾಯಿಯನ್ನು ಕಾರಿನಿಂದ ಇಳಿಸಿ, ಹಗ್ಗ ಹಿಡಿದು ಮನೆಯೊಡತಿಯ ಬಾಗಿಲು ಬಡಿದ. "ನಾಯಿ ಸಿಕ್ತು. ಆದ್ರೆ ನಮ್ಮಕ್ಕ ಎಲ್ಲೂ ಕಾಣ್ತಿಲ್ಲ!" ದನಿಯಲ್ಲಿ ಬೇಕಾದಷ್ಟೇ ಗಾಬರಿ ಬೆರೆಸಿದ.

ಮರುದಿನ ಹೊಂಡದಲ್ಲಿ ಅಕ್ಕನ ಹೆಣ ಸಿಕ್ಕ ಮೇಲೆ, ಇನ್‌ಸ್ಪೆಕ್ಟರ್ ಆ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿದರು. ಟ್ರ್ಯಾಕ್ಟರಿನವನ ಹೇಳಿಕೆಯೂ ಸರಿಹೊಂದಿತ್ತು. ಮನೆಯೊಡತಿ ಅವರಿಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದಳು.

"ಕತ್ತಲಾಗ್ತಿತ್ತು ಅಂದ್ರಿ. ನಾಯಿ ಹೇಗೆ ಸಿಕ್ತು?" ಎಂದು ಏಳುವ ಮುನ್ನ ಇನ್‌ಸ್ಪೆಕ್ಟರ್ ಕೇಳಿದರು.

"ಹೊಲದ ಆ ತುದೀಲಿತ್ತು ಸಾರ್. ನನ್ನ ಶಿಳ್ಳೆ ಕೇಳಿದ್ದೇ ತಡ, ಓಡಿ ಬಂತು."

ಮನೆಯೊಡತಿಯ ಕೈಯಿಂದ ಸ್ಟೀಲ್ ಪಾತ್ರೆ ಜಾರಿ ದಡಾರನೆ ಸಿಂಕಿಗೆ ಬಿತ್ತು. ಇನ್‌ಸ್ಪೆಕ್ಟರ್ ಬೆಚ್ಚಿದರು, ಅವನೂ ಬೆಚ್ಚಿದ. ಮೂಲೆಯಲ್ಲಿ ಮಲಗಿದ್ದ ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. "ಅದಕ್ಕೆ ಕಿವಿ ಕೇಳ್ಸಲ್ಲ ಸಾರ್, ಪೂರ್ತಿ ಕಿವುಡು," ಎಂದಳು ಅವಳು, ಅವನನ್ನೇ ನೋಡುತ್ತ. "ಕರೀಬೇಕಾದ್ರೆ ನೆಲ ತಟ್ಟಬೇಕು ಅಂತ ಅಕ್ಕಾವ್ರು ಬಂದ ದಿನಾನೇ ಬಾಗಿಲಲ್ಲಿ ಹೇಳಿದ್ರು. ಇವರೂ ಅಲ್ಲೇ ನಿಂತ್ಕೊಂಡು ಹೌದು ಹೌದು ಅಂತಿದ್ರು."